ಮಧ್ಯದ ಮನೆಯ ಮನಶ್ಶಾಸ್ತ್ರ

ಕೆಲವರನ್ನ ದುಡ್ಡು ಹುಡುಕಿಕೊಂಡು ಬರುತ್ತೆ, ಕೆಲವರನ್ನ ಸೊಳ್ಳೆ ಹುಡುಕಿಕೊಂಡು ಬರುತ್ತೆ, ನನ್ನನ್ನ ಇಂಥ ಪ್ರಸಂಗಗಳೇ ಹುಡುಕಿಕೊಂಡು ಬರ್ತವೆ. ನಾನೇನೂ ಕರೆಯೋದಿಲ್ಲ. ನನ್ನ ಗಂಡ ಮಾತ್ರ ಇದನ್ನ ಒಪ್ಪೋದಿಲ್ಲ. "ನೀನು ಬಾಯಿ ಮುಚ್ಕೊಂಡಿದ್ರೆ ಅವು ಯಾಕೆ ಬರ್ತವೆ ಕಣೇ?" ಅಂತಾರೆ. ಅವರು ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲೋ ಮನುಷ್ಯ. ಬೆಳಗಿಂದ ಸಂಜೆವರೆಗೆ ಕಬ್ಬಿಣದ ಜೊತೆ ಇರ್ತಾರೆ, ಕಬ್ಬಿಣ ತಿರುಗಿ ಮಾತಾಡಲ್ಲ.

ನಾನು ಅಲ್ಲೇ ಹಿಂದಿನ ರಸ್ತೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ವೆಲ್‌ಫೇರ್ ಆಫೀಸರ್. ಹೊಲಿಗೆ ಲೈನಲ್ಲಿ ಯಾರಾದ್ರೂ ಅತ್ತರೆ ನನ್ನ ಹತ್ರ ಕಳಿಸ್ತಾರೆ, ಜಗಳ ಆಡಿದ್ರೆ ನನ್ನ ಹತ್ರ ಕಳಿಸ್ತಾರೆ, ಕ್ಯಾಂಟೀನ್ ಸಾಂಬಾರು ನೀರಾದ್ರೂ ನನ್ನ ಹತ್ರಾನೇ ಕಳಿಸ್ತಾರೆ. ವರ್ಷಗಟ್ಟಲೆ ಜನರ ಸಂಸಾರ ಕೇಳಿ ಕೇಳಿ ನನಗೆ ಒಂದು ಧೈರ್ಯ ಬಂದುಬಿಟ್ಟಿತ್ತು. ಇಷ್ಟೆಲ್ಲ ಗೊತ್ತಿರೋಳು ಒಂದು ಡಿಗ್ರಿ ಯಾಕೆ ತಗೋಬಾರದು ಅಂತ. ನಲವತ್ತು ದಾಟಿದ ಮೇಲೆ, ಶನಿವಾರ ಭಾನುವಾರದ ಕ್ಲಾಸಿಗೆ, ಕುಟುಂಬ ಮನಶ್ಶಾಸ್ತ್ರದ ಎಂ.ಎಸ್ಸಿ.ಗೆ ಸೇರಿಬಿಟ್ಟೆ.

ಮೇಡಂ ಮನೇಲಿ ಏನೋ ಆಗಿದೆ

ಸೇರಿದ ವಿಷಯ ನಾನು ಹೇಳಿದ್ದು ಅಕೌಂಟ್ಸ್ ಸೆಕ್ಷನ್ನಿನ ಒಬ್ಬ ಗೆಳತಿಗೆ ಮಾತ್ರ. ಮಧ್ಯಾಹ್ನ ಊಟದ ಬೆಲ್ ಹೊಡೆಯೋ ಹೊತ್ತಿಗೆ ಇಡೀ ಫ್ಲೋರಿಗೆ ಗೊತ್ತಾಗಿತ್ತು. ಆದರೆ ಲೈನಿಂದ ಲೈನಿಗೆ ಹೋಗ್ತಾ ಸುದ್ದಿ ಸ್ವಲ್ಪ ಬಣ್ಣ ಬದಲಾಯಿಸಿಕೊಂಡಿತ್ತು. ಮೊದಲನೇ ಲೈನಲ್ಲಿ "ಮೇಡಂ ಫ್ಯಾಮಿಲಿ ಬಗ್ಗೆ ಓದೋಕೆ ಸೇರಿದಾರಂತೆ" ಅಂತಿದ್ದದ್ದು, ಕೊನೇ ಲೈನ್ ಮುಟ್ಟೋವಾಗ "ಮೇಡಂ ಮನೇಲಿ ಏನೋ ಆಗಿದೆಯಂತೆ, ಪಾಪ" ಅಂತಾಗಿತ್ತು.

ಶುರುವಾಯ್ತು ನೋಡಿ. ಒಬ್ಬಳು ಡಬ್ಬಿಯಲ್ಲಿ ಚಿತ್ರಾನ್ನ ತಂದಿಟ್ಟಳು. ಇನ್ನೊಬ್ಬಳು ಯಾವುದೋ ದೇವರ ಕುಂಕುಮ ಕೊಟ್ಟು, "ತಲೆದಿಂಬಿನ ಕೆಳಗೆ ಇಟ್ಕೊಳ್ಳಿ ಮೇಡಂ, ಅಣ್ಣನ ದಿಂಬಿನ ಕೆಳಗೆ" ಅಂದಳು. ಎಲ್ಲರಿಗಿಂತ ಹಳೇ ಟೈಲರಮ್ಮ ಒಬ್ಬರಿದ್ದಾರೆ, ಊರಿಗೆಲ್ಲ ದೊಡ್ಡಮ್ಮ. ಅವರು ಪಕ್ಕಕ್ಕೆ ಬಂದು ಕೂತು ಮೆತ್ತಗೆ ಕೇಳಿದ್ರು.

"ಅತ್ತೆನಾ ಮೇಡಂ?"

"ಅತ್ತೆ ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ ದೊಡ್ಡಮ್ಮ."

"ಹಂಗಾದ್ರೆ ಅಣ್ಣನೇ" ಅಂತ ನಿಟ್ಟುಸಿರು ಬಿಟ್ಟು ಎದ್ದು ಹೋದ್ರು. ನಾನು ಏನು ಹೇಳಿದ್ರೂ ಕೇಳೋ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇಲ್ಲ ಅಂದಷ್ಟೂ, ಗಂಡನ್ನ ಬಿಟ್ಟುಕೊಡದ ಮಹಾತಾಯಿ ಅಂತ ನನ್ನ ಮೇಲೆ ಮರುಕ ಜಾಸ್ತಿ ಆಗ್ತಾ ಹೋಯ್ತು.

ಸಂಜೆ ಇವರು ಬೈಕ್ ತಗೊಂಡು ಗೇಟಿಗೆ ಬಂದಿದ್ದಾರೆ. ದಿನಾ ನಕ್ಕು ಮಾತಾಡಿಸೋ ಹೆಣ್ಣುಮಕ್ಕಳು ಅವತ್ತು ಗುರಾಯಿಸಿಕೊಂಡು ಹೋಗ್ತಿದಾರೆ. ದೊಡ್ಡಮ್ಮ ನೇರವಾಗಿ ಹೋಗಿ ಬೈಕಿನ ಹ್ಯಾಂಡಲ್ ಹಿಡಿದು ಹೇಳಿದ್ರಂತೆ: "ಅಣ್ಣಾ, ಒಂದು ಹೆಂಗಸು ಈ ವಯಸ್ಸಲ್ಲಿ ಪುಸ್ತಕ ಹಿಡಿದಾಳೆ ಅಂದ್ರೆ ಎಷ್ಟು ನೊಂದಿರಬೇಕು, ಸ್ವಲ್ಪ ಯೋಚನೆ ಮಾಡಿ. ಇನ್ನಾದ್ರೂ ಅಡ್ಜಸ್ಟ್ ಮಾಡ್ಕೊಂಡು ಹೋಗಿ."

ನಾನು ಹಿಂದೆ ಕೂತೆ. ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿಗೆ ಬಂದ್ವಿ. ಕೆಂಪು ದೀಪ ಬಿತ್ತು. ಹೆಲ್ಮೆಟ್ ಗಾಜು ಎತ್ತಿ ಹಿಂದಕ್ಕೆ ತಿರುಗಿ ಕೇಳಿದ್ರು:

"ನಾನೇನು ಮಾಡ್ದೆ?"

"ನೀವೇನೂ ಮಾಡಿಲ್ಲ ರೀ."

"ಮತ್ತೆ 'ಇನ್ನೊಂದ್ಸಲ ಹಂಗೆ ಮಾಡಲ್ಲ' ಅಂತ ಕೈ ಮುಗಿದು ಬಂದ್ನಲ್ಲೇ!"

ಉಪ್ಪು

ನಮ್ಮ ಗೈಡ್ ಮೇಡಂ ವಯಸ್ಸಲ್ಲಿ ನನಗಿಂತ ಚಿಕ್ಕೋರು, ಗತ್ತಿನಲ್ಲಿ ನಮ್ಮಜ್ಜಿಗಿಂತ ದೊಡ್ಡೋರು. ಕನ್ನಡಕದ ಮೇಲಿಂದ ನೋಡಿದ್ರೆ ಕ್ಲಾಸಲ್ಲಿ ಫ್ಯಾನೂ ನಿಧಾನ ಆಗುತ್ತೆ. ಮೊದಲನೇ ದಿನವೇ ಹೇಳಿಬಿಟ್ರು. "ನಿಮ್ಮ ಹತ್ರ ಬರೋ ಮನೆಯವರಿಗೆ ಸಲಹೆ ಕೊಡಬೇಡಿ. ಯಾರದು ಸರಿ ಯಾರದು ತಪ್ಪು ಅಂತ ತೀರ್ಪು ಕೊಡಬೇಡಿ. ಅವರು ಹೇಳಿದ್ದನ್ನ ಅವರಿಗೇ ತಿರುಗಿಸಿ ಹೇಳಿ, ಪರಿಹಾರ ಅವರೇ ಕಂಡ್ಕೊಳ್ತಾರೆ. ತನ್ನ ಮಾತು ಕೇಳಿಸ್ಕೊಂಡ್ರು ಅನ್ನೋ ಸಮಾಧಾನವೇ ಅರ್ಧ ಔಷಧಿ."

ನನಗೆ ಸಲಹೆ ಕೊಡದಿದ್ರೆ ಅನ್ನ ಸೇರಲ್ಲ. ಆದ್ರೂ ವಿದ್ಯೆ ಅಂದ್ಮೇಲೆ ಅಭ್ಯಾಸ ಮಾಡಬೇಕು. ಮನೇಲಿ ಸಿಗೋರು ಒಬ್ಬರೇ. ರಾತ್ರಿ ಊಟಕ್ಕೆ ಕೂತ್ರು.

"ಸಾರಿಗೆ ಉಪ್ಪು ಕಮ್ಮಿ" ಅಂದ್ರು.

"ಅಂದ್ರೆ, ಸಾರಿಗೆ ಉಪ್ಪು ಕಮ್ಮಿ ಆಗಿದೆ ಅಂತ ನಿಮಗೆ ಅನ್ನಿಸ್ತಿದೆ."

"ಅನ್ನಿಸ್ತಿಲ್ಲ, ಕಮ್ಮಿ ಇದೆ."

"ಕಮ್ಮಿ ಇರೋದ್ರಿಂದ ನಿಮ್ಮ ಮನಸ್ಸಿಗೆ ನೋವಾಗಿದೆ."

"ಮನಸ್ಸಿಗೆ ಯಾಕೆ ನೋವಾಗುತ್ತೆ? ಉಪ್ಪು ಕೊಡೇ ಮಾರಾಯ್ತಿ!"

"ಈಗ ನಿಮಗೆ ಸಿಟ್ಟು ಬಂದಿದೆ ಅಂತ ನನಗೆ ಅರ್ಥ ಆಗ್ತಿದೆ."

ಅವರು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಂಡ್ರು. ಆಗಲಿ, ಸಮಸ್ಯೆಗೆ ಪರಿಹಾರ ಅವರೇ ಕಂಡುಕೊಂಡ್ರಲ್ಲ, ಗೈಡ್ ಮೇಡಂ ಹೇಳಿದ್ದೂ ಅದನ್ನೇ ಅಂತ ನನಗೆ ಒಳಗೊಳಗೇ ಹೆಮ್ಮೆ.

ಇವರು ಮಾತು ಕಮ್ಮಿ, ಕಲಿಯೋದರಲ್ಲಿ ಮಾತ್ರ ಬಲು ಚುರುಕು. ಮಾರನೇ ದಿನ ಸ್ನಾನ ಮಾಡಿ ಬಂದವರು ಒದ್ದೆ ಟವೆಲ್ಲನ್ನ ಎಂದಿನ ಹಾಗೆ ಹಾಸಿಗೆ ಮೇಲೆ ಎಸೆದ್ರು. ನಾನು ಎಂದಿನ ಹಾಗೆ ಕೂಗಿದೆ. ಅವರು ಬಂದು ನನ್ನೆದುರು ನಿಂತು, ಕತ್ತು ಒಂದು ಕಡೆ ವಾಲಿಸಿ, ಬಹಳ ಅಕ್ಕರೆಯಿಂದ, "ಒದ್ದೆ ಟವೆಲ್ ನೋಡಿ ನಿನಗೆ ತುಂಬಾ ಬೇಜಾರಾಗಿದೆ ಅಂತ ನನಗೆ ಅರ್ಥ ಆಗ್ತಿದೆ" ಅಂದ್ರು. ಅಂದು ಕೆಲಸಕ್ಕೆ ಹೊರಟೇಬಿಟ್ರು.

ಟವೆಲ್ ಸಂಜೆವರೆಗೂ ಅಲ್ಲೇ ಬಿದ್ದಿತ್ತು.

ಹಗಲು ಪಾಳಿ, ರಾತ್ರಿ ಪಾಳಿ

ಎರಡನೇ ವರ್ಷ ನಿಜವಾದ ಪರೀಕ್ಷೆ ಬಂತು. ಭಾನುವಾರದ ಕ್ಲಾಸ್ ಬದಲು ಪ್ರತಿಯೊಬ್ಬರೂ ಒಂದು ಕುಟುಂಬ ಹಿಡೀಬೇಕು. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕೂರಬೇಕು, ಒಬ್ಬರಿಗೊಬ್ಬರು ನೇರವಾಗಿ ಮಾತಾಡಬೇಕು, ಕೊನೇ ಸಲ ಕೂರುವಾಗ ಗೈಡ್ ಮೇಡಂ ಬಂದು ಕಣ್ಣಾರೆ ನೋಡ್ತಾರೆ. ಅದಾಗದಿದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ವರ್ಷವಿಡೀ ಮತ್ತೆ ಮೊದಲಿಂದ.

ಕ್ಲಾಸಲ್ಲಿದ್ದ ಚಿಕ್ಕ ಹುಡುಗಿಯರೆಲ್ಲ ಕೈ ಕೈ ಹಿಸುಕಿಕೊಂಡ್ರು. ನಾನು ನಕ್ಕೆ. ಪೀಣ್ಯದಲ್ಲಿ ಇರೋಳಿಗೆ ಸಂಸಾರಗಳಿಗೇನು ಬರ? ಆದರೆ ಒಂದು ಮಾತು ಹೇಳ್ಬಿಡ್ತೀನಿ, ಆ ಡಿಗ್ರಿ ನನಗೆ ಬೇಕೇ ಬೇಕಾಗಿತ್ತು. ಓದೋ ವಯಸ್ಸಲ್ಲಿ ಮನೆಯವರು ಬಿ.ಎ. ಸಾಕು ಅಂದ್ರು, ಸಾಕಾಗಿರಲಿಲ್ಲ. ಫ್ಯಾಕ್ಟರಿ ಮ್ಯಾನೇಜರ್ ಬೇರೆ, "ಈ ವಯಸ್ಸಲ್ಲಿ ಡಿಗ್ರಿ ತಗೊಂಡು ಏನ್ಮಾಡ್ತೀರಾ ಮೇಡಂ, ಫ್ರೇಮ್ ಹಾಕಿಸ್ತೀರಾ?" ಅಂತ ಕಿಸಕ್ಕನೆ ನಕ್ಕಿದ್ದ. "ಹೂಂ ಸಾರ್, ನಿಮ್ಮ ತಲೆ ಮೇಲಿನ ಗೋಡೆಗೇ ಹಾಕಿಸ್ತೀನಿ" ಅಂದಿದ್ದೆ. ಅಷ್ಟು ದೊಡ್ಡ ಬಾಯಿ ಮಾಡಿದ ಮೇಲೆ ಫೇಲಾದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?

ನಮ್ಮ ಲೈನಲ್ಲಿ ಬಾಗಲಕೋಟೆ ಕಡೆಯ ಹುಡುಗಿ ಒಬ್ಬಳಿದ್ದಳು, ಮದುವೆಯಾಗಿ ಬಂದು ಬಾಡಿಗೆ ರೂಮಲ್ಲಿ ಇರೋಳು. "ನಮ್ಮ ಮನಿಯವ್ರು ನನ್ನ ಜೋಡಿ ಮಾತೇ ಆಡಂಗಿಲ್ರಿ ಮೇಡಂ" ಅಂತ ಕಣ್ಣೀರು ಹಾಕಿದ್ದಳು. ಗಂಡ ಗೋಡೌನಲ್ಲಿ ಲೋಡಿಂಗ್ ಕೆಲಸ, ರಾತ್ರಿ ಪಾಳಿ. ಇವಳು ಸಂಜೆ ಬಸ್ ಇಳಿಯೋದು, ಅವನು ಅದೇ ಸ್ಟಾಪಲ್ಲಿ ಇವಳ ಕೈಗೆ ರೂಮಿನ ಬೀಗದ ಕೈ ಕೊಟ್ಟು ಬಸ್ ಹತ್ತೋದು. ಅಷ್ಟೇ ಸಂಸಾರ. ಅಂತೂ ಒಂದು ಭಾನುವಾರ ಇಬ್ಬರನ್ನೂ ನಮ್ಮ ಮನೆಗೇ ಕರೆಸಿ ಎದುರುಬದುರು ಕೂರಿಸಿದೆ.

"ಈಗ ಒಬ್ಬರಿಗೊಬ್ಬರು ಮಾತಾಡಿ" ಅಂದೆ.

ಇಬ್ಬರೂ ನೆಲ ನೋಡ್ತಾ ಕೂತ್ರು. ಆಮೇಲೆ ಅವನು ಜೇಬಿಂದ ಫೋನ್ ತೆಗೆದ. ಗೋಡೆ ಕಡೆ ತಿರುಗಿ, ಫೋನನ್ನ ಬಾಯಿ ಹತ್ರ ಹಿಡ್ಕೊಂಡು, "ಮೊನ್ನಿ ರೊಟ್ಟಿ ಇಟ್ಟಿದ್ದಿ, ಪಲ್ಯ ಇಟ್ಟಿದ್ದಿಲ್ಲ. ಒಣಾ ರೊಟ್ಟಿ ತಿಂದು ಮಲ್ಕೊಂಡ್ನಿ" ಅಂದ. ಟಿಂಗ್ ಅಂತ ಅವಳ ಫೋನ್ ಸದ್ದು ಮಾಡ್ತು. ಅವಳು ವಾಯ್ಸ್ ಮೆಸೇಜ್ ಪೂರ್ತಿ ಕೇಳಿಸ್ಕೊಂಡು, ಕಿಟಕಿ ಕಡೆ ತಿರುಗಿ ತನ್ನ ಫೋನಿಗೆ ಹೇಳಿದಳು: "ಪಲ್ಯ ಸ್ಟೀಲ್ ಡಬ್ಬ್ಯಾಗ ಇತ್ತು. ಮುಚ್ಚಳ ತಗದ್ ನೋಡಾಕ ಏನಾಗಿತ್ತು?" ಮತ್ತೆ ಟಿಂಗ್.

"ಅಯ್ಯೋ, ಎದುರಿಗೇ ಕೂತಿದ್ದೀರಲ್ರಪ್ಪಾ, ಮುಖ ನೋಡಿ ಹೇಳ್ರೋ!" ಅಂದೆ.

"ಮಾರಿ ನೋಡಿ ಬೈಯಾಕ ಬರಂಗಿಲ್ರಿ ಮೇಡಂ, ನಗಿ ಬರ್ತೈತಿ" ಅಂದಳು ಹುಡುಗಿ.

ನೋಡಿದ್ರು. ನಿಜವಾಗ್ಲೂ ಇಬ್ಬರಿಗೂ ನಗು ಬಂತು. ಸೆರಗಿನಿಂದ ಬಾಯಿ ಮುಚ್ಕೊಂಡು ಅವಳು, ತಲೆ ಕೆರ್ಕೊಂಡು ಅವನು. ನನಗೆ ಕಣ್ಣು ತುಂಬಿ ಬಂತು. ತಗೋ, ನನ್ನೊಳಗಿದ್ದ ವೆಲ್‌ಫೇರ್ ಆಫೀಸರ್ ಎದ್ದು ಕೂತಳು. ಗೋಡೌನ್ ಸೂಪರ್‌ವೈಸರ್ ನನಗೆ ಗೊತ್ತಿದ್ದೋನೇ. ಫೋನ್ ಮಾಡಿ, ಜೋರು ಮಾಡಿ, ಹುಡುಗನನ್ನ ಹಗಲು ಪಾಳಿಗೆ ಹಾಕಿಸಿಬಿಟ್ಟೆ.

ಗೈಡ್ ಮೇಡಂಗೆ ಹೇಳಿದಾಗ ಕನ್ನಡಕ ತೆಗೆದೇ ನೋಡಿದ್ರು. "ಕೌನ್ಸೆಲಿಂಗ್ ಮಾಡಿ ಅಂದ್ರೆ ಟ್ರಾನ್ಸ್‌ಫರ್ ಮಾಡಿಸಿದ್ದೀರಾ? ಈ ಕೇಸ್ ಲೆಕ್ಕಕ್ಕಿಲ್ಲ. ಬೇರೆ ಕುಟುಂಬ ಹುಡುಕಿ." ಸರಿ, ಲೆಕ್ಕಕ್ಕಿಲ್ಲದಿದ್ರೆ ಕತ್ತೆ ಬಾಲ. ಒಂದು ಸಂಸಾರ ಸರಿ ಮಾಡಿದೆನಲ್ಲ ಅಂತ ತಲೆ ಎತ್ಕೊಂಡೇ ಬಂದೆ.

ಎರಡು ವಾರ ಕಳೆದಿರಬೇಕು, ಹುಡುಗಿ ನನ್ನ ಟೇಬಲ್ ಮುಂದೆ ಬಂದು ನಿಂತಳು.

"ಏನಮ್ಮಾ, ಈಗ ಚೆನ್ನಾಗಿದೀರಾ ಇಬ್ರೂ?"

"ಚಂದ ಅದೀವ್ರಿ" ಅಂತ ಕಾಲಲ್ಲಿ ನೆಲ ಕೆರೆದಳು. "ಒಂದ್ ಮಾತ್ ಇತ್ರಿ ಮೇಡಂ. ಅವ್ರನ್ನ ಮತ್ತ ರಾತ್ರಿ ಪಾಳಿಗೆ ಹಾಕಸ್ರಿ."

"ಯಾಕಮ್ಮಾ? ಏನಾಯ್ತು?"

"ಈಗ ಬಾಯಿ ಮುಚ್ಚಂಗೇ ಇಲ್ರೀ!"

ಚೌಕ ಮತ್ತು ಸೊನ್ನೆ

ಆಮೇಲೆ ಊರೆಲ್ಲ ಹುಡುಕಿದೆ. ಯಾರನ್ನ ಕೇಳಿದ್ರೂ "ನಮ್ಮನೇಲೇನಿಲ್ಲಪ್ಪ, ಎದುರು ಮನೇಲಿ ಕೇಳಿ, ಅಲ್ಲಿ ಬೇಕಾದಷ್ಟಿದೆ" ಅನ್ನೋರೇ. ಎದುರು ಮನೇಲಿ ಕೇಳಿದ್ರೆ ಅವರು ಇವರ ಮನೆ ಕಡೆ ಕೈ ತೋರಿಸ್ತಾರೆ. ಕೊನೆಗೆ ಒಂದು ದಿನ ಮೆಟ್ಟಿಲು ಹತ್ತುವಾಗ ಹೊಳೀತು, ನಾನು ಎಂಥ ಪೆದ್ದಿ ಅಂತ. ಕುಟುಂಬ ನನ್ನ ಕಾಲ ಕೆಳಗೂ ಇತ್ತು, ತಲೆ ಮೇಲೂ ಇತ್ತು.

ನಾವಿರೋದು ಮಾದನಾಯಕನಹಳ್ಳಿಯಲ್ಲಿ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ. ಓನರ್‌ಗಳು ಇಬ್ಬರು ಅಣ್ಣ ತಮ್ಮ. ಕೆಳಗಿನ ಮನೆಯಲ್ಲಿ ಅಣ್ಣ, ಮೇಲಿನ ಮನೆಯಲ್ಲಿ ತಮ್ಮ, ಮಧ್ಯದಲ್ಲಿ ಬಾಡಿಗೆಗೆ ನಾವು. ಆ ಊರಿನ ಹಳೇ ಮನೆತನ. ಅಪ್ಪನ ಕಾಲದಲ್ಲಿ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಗೋಡೌನ್ ನಿಂತಿದೆ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಹೊಲ ಅಲ್ಲ. ಅಣ್ಣನ ಮಗಳ ಮದುವೆ ಕಾರ್ಡಲ್ಲಿ, "ಸುಖಾಗಮನ ಬಯಸುವವರು" ಅನ್ನೋ ಜಾಗದಲ್ಲಿ, ಅಣ್ಣನ ಬಾಮೈದನ ಹೆಸರು ಮೇಲೆ, ಒಡಹುಟ್ಟಿದ ತಮ್ಮನ ಹೆಸರು ಕೆಳಗೆ. ಅಷ್ಟೇ. ಅವತ್ತಿಂದ ಇಬ್ಬರ ಮಾತೂ ನನ್ನ ಮೂಲಕವೇ ಓಡಾಡಬೇಕು. "ಮೇಡಮ್ಮೋರೆ, ಮ್ಯಾಲಿನೋರಿಗೆ ಏಳಿ, ಗಾಡಿ ಪಕ್ಕಕ್ಕೆ ನಿಲ್ಸಕೆ" ಅಂತ ಕೆಳಗಿಂದ. "ಮೇಡಮ್ಮೋರೆ, ಕೆಳಗ್ನೋರಿಗೆ ಏಳಿ, ಗಾಡಿ ನಂದಲ್ಲ, ನೆಂಟರದು" ಅಂತ ಮೇಲಿಂದ.

ಅವರ ತಾಯಿ, ನಮಗೆಲ್ಲ ಅಜ್ಜಿ, ಒಂದು ತಿಂಗಳು ಕೆಳಗೆ, ಒಂದು ತಿಂಗಳು ಮೇಲೆ. ಅಮಾವಾಸ್ಯೆ ಬಂದ್ರೆ ಬಟ್ಟೆ ಗಂಟು ಕಂಕುಳಲ್ಲಿ ಇಟ್ಕೊಂಡು ಮೆಟ್ಟಿಲು ಹತ್ತಬೇಕು, ಇಲ್ಲ ಇಳೀಬೇಕು. ದಾರೀಲಿ ನಮ್ಮನೇಲಿ ಕೂತು ಒಂದು ಲೋಟ ಕಾಫಿ ಕುಡಿದು ದಮ್ಮು ತಿರುಗಿಸ್ಕೊಳ್ಳೋರು.

ಒಟ್ಟಿಗೆ ಕೂರ್ತೀರಾ ಅಂತ ಅಣ್ಣ ತಮ್ಮ ಇಬ್ಬರನ್ನೂ ಕೇಳಿದೆ. "ನಿಮ್ ಓದಿಗೆ ಅನುಕೂಲ ಆಯ್ತದೆ ಅಂದ್ರೆ ಕೂತ್ಕತೀನಿ, ಆದ್ರೆ ಮೊದ್ಲು ಅವ್ನು ಬರ್ಲಿ" ಅಂದ ಅಣ್ಣ. ತಮ್ಮನೂ ಅದನ್ನೇ ಅಂದ. ಇರಲಿ, ಅಲ್ಲೀವರೆಗೆ ಕುಟುಂಬದ ನಕ್ಷೆನಾದ್ರೂ ಬರ್ಕೊಳ್ಳೋಣ ಅಂತ ಚಾರ್ಟ್ ಶೀಟ್ ಹಾಸಿಕೊಂಡು ಅಣ್ಣನ ಮನೇಲಿ ಕೂತೆ. ನಮ್ಮ ಓದಿನಲ್ಲಿ ಅದು ದಿನದ ಕೆಲಸ. ಗಂಡಸರಿಗೆ ಒಂದು ಚೌಕ, ಹೆಂಗಸರಿಗೆ ಒಂದು ವೃತ್ತ, ಮಧ್ಯೆ ಸಂಬಂಧದ ಗೆರೆ. ಚೆನ್ನಾಗಿದ್ರೆ ನೇರ ಗೆರೆ, ಜಗಳ ಇದ್ರೆ ಅಂಕುಡೊಂಕು ಗೆರೆ.

"ನಿಮ್ಮ ತಾತನ ಹೆಸರೇನು? ಅವರಿಗೆ ಎಷ್ಟು ಜನ ಮಕ್ಕಳು? ತಾತನಿಗೆ ಒಬ್ಬರೇ ಹೆಂಡ್ತಿನಾ?" ಅಂತ ನಾನು ಕೇಳ್ತಾ ಹೋದ ಹಾಗೆ ಅಣ್ಣನ ಮುಖ ಗಂಭೀರ ಆಗ್ತಾ ಬಂತು. ಹೆಂಡತಿ ಕಾಫಿ ಮಾಡೋಕೆ ಎದ್ದವಳು ವಾಪಸ್ ಬಂದು ಕೂತಳು. ಒಳಗಿನ ನೋವು ಹೊರಗೆ ಬರ್ತಿದೆ ಅಂತ ನಾನು ಖುಷಿಯಲ್ಲಿ ಇನ್ನೂ ಒತ್ತಿ ಒತ್ತಿ ಕೇಳಿದೆ.

ನನಗೆ ಹೊಳೀಬೇಕಿತ್ತು. ಆ ಕಡೆ ಹಳೇ ಮನೆಗಳಲ್ಲಿ ತಾತ, ಅಪ್ಪ, ಮಕ್ಕಳು ಅಂತ ಯಾರಾದ್ರೂ ಕಾಗದದ ಮೇಲೆ ಬರೆದ್ರೆ ಅದಕ್ಕೆ ಇರೋದು ಒಂದೇ ಅರ್ಥ. ಆಸ್ತಿ ಭಾಗಕ್ಕೆ ತಾಲ್ಲೂಕು ಆಫೀಸಿಗೆ ಕೊಡೋ ವಂಶವೃಕ್ಷ! ಸಂಜೆ ಹೊತ್ತಿಗೆ ಸುದ್ದಿ ನೆಲಮಂಗಲ ದಾಟಿತ್ತು. "ಬಾಡಿಗೆ ಮೇಡಮ್ಮ ಭಾಗದ ಪತ್ರ ಮಾಡ್ತಾವ್ಳಂತೆ!"

ಮುಂದಿನ ಭಾನುವಾರ ಬಾಗಿಲು ತೆಗೀತೀನಿ, ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಮದುವೆಯಾಗಿ ಹೋದ ತಂಗಿ, ಗಂಡನ ಜೊತೆ, ಆಧಾರ್ ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋ ಹಿಡ್ಕೊಂಡು ಮುಂದೆ ನಿಂತಿದ್ದಾಳೆ. ಅವಳ ಹಿಂದೆ ಚಿಕ್ಕಪ್ಪನ ಮಕ್ಕಳು. ಅವರ ಹಿಂದೆ, ತಾತನ ಎರಡನೇ ಹೆಂಡತಿ ಕಡೆಯೋರು ಅಂತ ಯಾರೂ ಕಂಡು ಕೇಳದ ಒಂದಿಷ್ಟು ಜನ. ತಂಗಿ ಒಳಗೆ ನುಗ್ಗಿ ಚಾರ್ಟ್ ನೋಡಿದ್ದೇ ತಡ, ಎದೆ ಬಡ್ಕೊಂಡು ಅಳೋಕೆ ಶುರು ಮಾಡಿದಳು.

"ನೋಡ್ರೀ ಅನ್ಯಾಯಾನ! ಅಣ್ಣಂದ್ರಿಗೆಲ್ಲ ಒಂದೊಂದು ಸೈಟು ಬರ್ದವ್ಳೆ. ನಂಗೆ ಸೊನ್ನೆ ಆಕವ್ಳೆ!"

"ಅದು ಸೈಟಲ್ಲಮ್ಮ, ಚೌಕ! ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ."

"ಅದ್ನೇ ನಾನೂ ಏಳ್ತಿರೋದು! ಗಂಡಸ್ರಿಗೆ ಸೈಟು, ಎಂಗಸ್ರಿಗೆ ಸೊನ್ನೆ!"

ಯೋಚಿಸಿದ್ರೆ ಅವಳು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪನ ಮಕ್ಕಳು ಕರ್ಕೊಂಡು ಬಂದಿದ್ದ ವಕೀಲರು ಜನರನ್ನ ಸರಿಸಿಕೊಂಡು ಮುಂದೆ ಬಂದ್ರು. ಭಾನುವಾರವೂ ಕರೀ ಕೋಟು. ಚಾರ್ಟ್ ಮುಂದೆ ಬಗ್ಗಿ ಬಹಳ ಹೊತ್ತು ಪರಿಶೀಲನೆ ಮಾಡಿದ್ರು.

ನಾನು ಅಣ್ಣ ತಮ್ಮನ ಜಗಳಕ್ಕೆ ಎರಡು ಚೌಕದ ಮಧ್ಯೆ ಎಳೆದಿದ್ದ ಅಂಕುಡೊಂಕು ಗೆರೆ ಮೇಲೆ ಬೆರಳಿಟ್ಟು ಅಂದ್ರು: "ಉಳಿದಿದ್ದೆಲ್ಲ ಆಮೇಲೆ ನೋಡೋಣ ಮೇಡಂ. ಮೊದಲು ಈ ಎರಡು ಸೈಟಿನ ಮಧ್ಯೆ ರಾಜಕಾಲುವೆ ತೋರ್ಸಿದ್ದೀರಲ್ಲ, ಅದನ್ನ ತೆಗೀರಿ. ಮಳೆನೀರು ನುಗ್ಗೋ ಸೈಟನ್ನ ಯಾರೂ ಕೊಂಡ್ಕೊಳ್ಳಲ್ಲ."

ಪಾಸು

ಅದಾದ ಮೇಲೆ ಅಣ್ಣನೂ ಬಾಗಿಲು ಹಾಕ್ಕೊಂಡ, ತಮ್ಮನೂ ಬಾಗಿಲು ಹಾಕ್ಕೊಂಡ. "ನಿಮ್ ಓದಿನ ಸವಾಸ ಬ್ಯಾಡ ಮೇಡಮ್ಮೋರೆ, ಇಲ್ದಿರೋ ನೆಂಟರೆಲ್ಲ ಉಟ್ಕಂಡ್ರು." ಇತ್ತ ಗೈಡ್ ಮೇಡಂ, "ಈ ಭಾನುವಾರ ಬರ್ತೀನಿ, ಕುಟುಂಬ ಇದ್ರೆ ಸರಿ, ಇಲ್ದಿದ್ರೆ ಮುಂದಿನ ವರ್ಷ ನೋಡೋಣ" ಅಂತ ಫೋನ್ ಇಟ್ರು. ಇವರು, "ಮುಂದಿನ ವರ್ಷವೇ ಬರಿ ಬಿಡೇ, ಏನೀಗ?" ಅಂದ್ರು. ಏನೀಗ ಅಂತೆ! ಎರಡು ವರ್ಷ ಭಾನುವಾರದ ನಿದ್ದೆ ಬಿಟ್ಟು ಓದಿದ್ದು ನಾನು. ಸಿಟ್ಟಿಗೆ ಆ ರಾತ್ರಿ ಸಾರೇ ಮಾಡಲಿಲ್ಲ.

ಶನಿವಾರ ಅಮಾವಾಸ್ಯೆ. ಅಜ್ಜಿ ಕೆಳಗಿಂದ ಗಂಟು ಹೊತ್ಕೊಂಡು ಬಂದ್ರು, ಎಂದಿನ ಹಾಗೆ ನಮ್ಮ ದಿವಾನದ ಮೇಲೆ ಕೂತ್ರು. ಕಾಫಿ ಕೊಡುವಾಗ ನನ್ನ ಮುಖ ನೋಡಿ "ಯಾಕವ್ವ ಇಂಗಿದ್ದೀಯ?" ಅಂದ್ರು. ಎಲ್ಲ ಹೇಳ್ಕೊಂಡೆ.

"ನನ್ ಮಕ್ಳು ಸೊಸೇರು ಎಲ್ಲಾ ಒಂದ್ ಕಡೆ ಕೂತ್ರೆ ನೀನು ಪಾಸಾ?"

"ಹೂಂ ಅಜ್ಜಿ."

"ಅಷ್ಟೇಯಾ?"

ಕಾಫಿ ಕುಡಿದು ಲೋಟ ಕೆಳಗಿಟ್ರು. ಗಂಟನ್ನ ತಲೆ ಕೆಳಗೆ ಇಟ್ಕೊಂಡು ಅಲ್ಲೇ ದಿವಾನದ ಮೇಲೆ ಕಾಲು ಚಾಚಿ ಮಲಗಿಬಿಟ್ರು. "ನಾನು ಮ್ಯಾಲಕ್ಕೂ ಓಗಕಿಲ್ಲ, ಕೆಳಕ್ಕೂ ಓಗಕಿಲ್ಲ. ಇಬ್ರೂ ಬಂದು ಇಲ್ಲಿ ಕೂತ್ಕಂಡ್ರೆ ಏಳ್ತೀನಿ. ಓಗಿ ಯೋಳು ಅವ್ರಿಗೆ."

ಮೇಲಿನ ಸೊಸೆ ಬಂದು ಕರೆದಳು, ಏಳಲಿಲ್ಲ. ಕೆಳಗಿನ ಸೊಸೆ ಬಂದು ಬೇಡಿಕೊಂಡಳು, ಏಳಲಿಲ್ಲ. ಹೆತ್ತ ತಾಯಿ ಬಾಡಿಗೆಯೋರ ಮನೇಲಿ ಮಲಗವ್ಳೆ ಅಂತ ಊರು ಆಡ್ಕೊಳ್ಳೋಕೆ ಶುರು ಮಾಡಿದ ಮೇಲೆ ಅಣ್ಣ ತಮ್ಮನಿಗೆ ಬೇರೆ ದಾರಿ ಇರಲಿಲ್ಲ.

ಭಾನುವಾರ ಬೆಳಗ್ಗೆ ಎಲ್ಲರೂ ನಮ್ಮ ಹಾಲಲ್ಲಿ. ಒಂದು ಗೋಡೆಗೆ ಅಣ್ಣ ಅತ್ತಿಗೆ, ಎದುರು ಗೋಡೆಗೆ ತಮ್ಮ ಅವನ ಹೆಂಡತಿ, ದಿವಾನದ ಮೇಲೆ ಅಜ್ಜಿ, ಮೂಲೆಯಲ್ಲಿ ಪುಸ್ತಕ ಪೆನ್ನು ಹಿಡಿದ ಗೈಡ್ ಮೇಡಂ. ನನ್ನ ಗಂಡನಿಗೆ ಅಡುಗೆ ಮನೆಯಿಂದ ಹೊರಗೆ ಬರಕೂಡದು ಅಂತ ಮೊದಲೇ ಹೇಳಿದ್ದೆ.

"ಮೇಡಮ್ಮೋರೆ, ಅವ್ನಿಗೆ ಏಳಿ..." ಅಂತ ಅಣ್ಣ ಶುರು ಮಾಡಿದ.

"ನಾನು ಹೇಳಲ್ಲ. ಇಲ್ಲೇ ಕೂತಿದ್ದಾರೆ, ನೀವೇ ಹೇಳಿ" ಅಂದೆ.

ಅಣ್ಣ ಪಂಚೆ ಸರಿ ಮಾಡ್ಕೊಂಡ. ನನ್ನ ನಾಲಿಗೆ ತುದೀಲಿ ಸಲಹೆಗಳು ಕ್ಯೂ ನಿಂತಿದ್ದವು, ತುಟಿ ಕಚ್ಚಿಕೊಂಡು ತಡೆದೆ. ಆಮೇಲೆ ಅಜ್ಜಿ ಕಡೆ ತಿರುಗಿ ಕೇಳಿದೆ. "ಅಜ್ಜಿ, ನಿಮಗೇನು ಬೇಕು?"

ಅಜ್ಜಿ ಗಂಟನ್ನ ಪಕ್ಕಕ್ಕೆ ಸರಿಸಿದ್ರು. "ಇದ್ನ ಯಾರೂ ಕೇಳೇ ಇರ್ನಿಲ್ಲ ನೋಡು" ಅಂದ್ರು. "ಕೆಳಗಿದ್ದಾಗ ಮ್ಯಾಲಿನೋನ ಎಸ್ರು ಎತ್ತಂಗಿಲ್ಲ. ಮ್ಯಾಲಿದ್ದಾಗ ಕೆಳಗ್ನೋನ ಎಸ್ರು ಎತ್ತಂಗಿಲ್ಲ. ಇಬ್ರೂ ನನ್ ಒಟ್ಟೇಲೇ ಉಟ್ಟೋರು. ತಿಂಗ್ಳು ತಿಂಗ್ಳೂ ಗಂಟು ಒತ್ಕಂಡು ಬಾಡಿಗೆಯೋಳಂಗೆ ತಿರುಗ್ತೀನಿ. ಬಾಯ್ಬಿಟ್ಟು ನಿಮ್ಮಿಬ್ರ ಎಸ್ರೂ ಯೋಳದು ಈ ಮೇಡಮ್ಮನ ಮನೇಲಿ ಕಾಫಿ ಕುಡಿಯೋ ಒತ್ನಲ್ಲಿ ಮಾತ್ರ."

ಮುಖ ಮುಚ್ಕೊಂಡು ತಮ್ಮ ಅತ್ತುಬಿಟ್ಟ. "ಅಣ್ಣಾ" ಅಂದ. ವರ್ಷಗಳಾದ ಮೇಲೆ ಮೊದಲನೇ ಮಾತು. "ಕಾರ್ಡಲ್ಲಿ ನಿನ್ ಬಾಮೈದನ ಕೆಳಗೆ ನನ್ನೆಸ್ರು ಆಕ್ಸಿದ್ಯಲ್ಲಣ್ಣ."

"ತಪ್ಪಾಯ್ತು ಕಣ್ಲಾ. ನಿನ್ ಮಗಳ ಮದ್ವೆ ಕಾರ್ಡಲ್ಲಿ ನನ್ನೆಸ್ರ ಕಟ್ಟಕಡೀಗೆ ಆಕ್ಸು. ಅಡುಗೆ ಬಟ್ರ ಎಸ್ರ ಕೆಳಗೆ ಆಕ್ಸು."

ಅಳ್ತಿದ್ದ ತಮ್ಮ ನಕ್ಕ. ಅಣ್ಣನೂ ನಕ್ಕ. ಸೊಸೆಯರು ಮೂಗು ಒರೆಸಿಕೊಂಡ್ರು. ಗೈಡ್ ಮೇಡಂ ಪೆನ್ನು ಓಡ್ತಾನೇ ಇತ್ತು, ಮುಖದಲ್ಲಿ ನಗು ಬೇರೆ. ನನಗೆ ಎದೆ ತುಂಬಿ ಬಂತು. ಇದಕ್ಕಾಗಿ ತಾನೇ ನಾನು ಓದಿದ್ದು ಅನ್ನಿಸ್ತು.

"ಇನ್ಮ್ಯಾಲೆ ಅವ್ವ ಗಂಟು ಒರಂಗಿಲ್ಲ. ಒಂದೇ ಕಡೆ ಇರ್ಲಿ" ಅಂದ ಅಣ್ಣ. ನಮ್ಮನೇಲಿ ಅಂತ ಇವನು, ನಮ್ಮನೇಲಿ ಅಂತ ಅವನು, ಮತ್ತೆ ಜಗಳವೇ ಹತ್ತಿಕೊಳ್ತು. ನಾನು ಬಾಯಿ ಹಾಕಲಿಲ್ಲ. ತಮ್ಮನೇ ಯೋಚನೆ ಮಾಡಿ ಹೇಳಿದ: "ಕೆಳಗೂ ಬ್ಯಾಡ, ಮ್ಯಾಲೂ ಬ್ಯಾಡ ಬುಡಣ್ಣ. ಅವ್ವ ಮಧ್ಯದಲ್ಲೇ ಇರ್ಲಿ. ಎಲ್ಡೂ ಕಡೆಯಿಂದ ಊಟ ತಂದ್ಕೊಡಾನ."

"ಸರ್ಯಾಗೇಳ್ದೆ ಕಣ್ಲಾ!" ಅಂದ ಅಣ್ಣ. ಸೊಸೆಯರಿಬ್ಬರೂ ಒಟ್ಟಿಗೆ ತಲೆ ಆಡಿಸಿದ್ರು. ನಾನೂ ಖುಷಿ ತಡೀಲಾರದೆ, "ಎಷ್ಟು ಚೆನ್ನಾಗಿದೆ! ಎಷ್ಟು ಒಳ್ಳೇ ಯೋಚನೆ!" ಅಂದುಬಿಟ್ಟೆ.

ಅಡುಗೆ ಮನೆಯಲ್ಲಿ ಲೋಟ ಬಿದ್ದ ಸದ್ದಾಯ್ತು. ಆಗ ನನಗೆ ಹೊಳೀತು, ಮಧ್ಯದಲ್ಲಿ ಇರೋದು ನಾವು.

ಬಾಯಿ ತೆಗೆದೆ. ಗೈಡ್ ಮೇಡಂ ಕನ್ನಡಕದ ಮೇಲಿಂದ ನೋಡಿ, ಉಹೂಂ ಅಂತ ತಲೆ ಆಡಿಸಿದ್ರು. ಸಲಹೆ ಕೊಡೋ ಹಾಗಿಲ್ಲ, ತೀರ್ಪು ಕೊಡೋ ಹಾಗಿಲ್ಲ. ನನಗೆ ಉಳಿದಿದ್ದು ಅವರು ಹೇಳಿದ್ದನ್ನ ಅವರಿಗೇ ತಿರುಗಿಸಿ ಹೇಳೋದೊಂದೇ.

"ಅಂದ್ರೆ... ಅಜ್ಜಿ ಈ ಮನೇಲಿ ಇರಬೇಕು, ಅದಕ್ಕೆ ನಾವು ಮನೆ ಖಾಲಿ ಮಾಡಬೇಕು ಅಂತ ನಿಮ್ಮೆಲ್ಲರಿಗೂ ಅನ್ನಿಸ್ತಿದೆ."

"ಊಂ ಮೇಡಮ್ಮೋರೆ!" ಅಂದ್ರು ಅಣ್ಣ ತಮ್ಮ, ಒಂದೇ ದನಿಯಲ್ಲಿ.

ಗೈಡ್ ಮೇಡಂ ಎದ್ದು ಬಂದು ನನ್ನ ಕೈ ಹಿಡ್ಕೊಂಡ್ರು. "ಒಂದು ಕುಟುಂಬ ಇಷ್ಟು ಬೇಗ ಒಂದಾಗಿದ್ದನ್ನ ನಾನು ನೋಡೇ ಇರಲಿಲ್ಲ" ಅಂದ್ರು. ಅಜ್ಜಿ ದಿವಾನದಿಂದ ಕೈ ಚಾಚಿ ನನ್ನ ಗಲ್ಲ ಹಿಡಿದು ಕೇಳಿದ್ರು. "ಪಾಸಾದ್ಯಾ ಮಗಾ?"

"ಆದೆ ಅಜ್ಜಿ."

"ಒಳ್ಳೇದಾಯ್ತು. ಬೇಜಾರ್ ಮಾಡ್ಕಬ್ಯಾಡ, ಆಗಾಗ ಕಾಫಿಗೆ ಬತ್ತಿರು" ಅಂದ್ರು, ನನ್ನ ಮನೇಲಿ ಕೂತ್ಕೊಂಡು.

ಪಾಸಾದೆ, ಅದೂ ಫಸ್ಟ್ ಕ್ಲಾಸಲ್ಲಿ. ಸುಳ್ಳು ಯಾಕೆ ಹೇಳಲಿ, ಮನೆ ಹೋಗಿದ್ದಕ್ಕೆ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಡಿಗ್ರಿ ಕೈಗೆ ಬಂದ ಖುಷಿಯಲ್ಲಿ ಬಯಲಲ್ಲಿ ಮಲಗು ಅಂದಿದ್ರೂ ಮಲಗ್ತಿದ್ದೆ. ಇವರು ಮಾತ್ರ ವಾರಗಟ್ಟಲೆ ಮೌನವಾಗಿ ಬೈಕಲ್ಲಿ ನನ್ನನ್ನ ಕೂರಿಸ್ಕೊಂಡು ಟು-ಲೆಟ್ ಬೋರ್ಡ್ ಹುಡುಕಿದ್ರು. ಕೊನೆಗೆ ಮಾಕಳಿ ಹತ್ರ ಒಂದು ಮನೆ ಸಿಕ್ತು. ಗಾಳಿ, ಬೆಳಕು, ನೀರು, ಎಲ್ಲ ಚೆನ್ನಾಗಿತ್ತು. ಓನರ್ ಒಳ್ಳೇ ಮಾತಿನ ಮನುಷ್ಯ.

"ನೀವು ಮೇಲಿರ್ತೀರಾ. ಕೆಳಗೆ ಮುಂದಿನ ಭಾಗ ನಮ್ದು, ಹಿಂದಿನ ಭಾಗ ನಮ್ಮ ಅಕ್ಕಂದು. ಅಕ್ಕನ ಜೊತೆ ನಮಗೆ ಮಾತಿಲ್ಲ, ಅದೊಂದು ದೊಡ್ಡ ಕತೆ" ಅಂದ್ರು. ನನ್ನ ಕಿವಿ ನೆಟ್ಟಗಾಯ್ತು. ಆಮೇಲೆ ನನ್ನ ಕಡೆ ತಿರುಗಿ, "ಅಂದ ಹಾಗೆ, ಮೇಡಂ ಏನು ಓದಿದಾರೆ?" ಅಂತ ಕೇಳಿದ್ರು.

ನಾನು ಸೆರಗು ಸರಿ ಮಾಡ್ಕೊಂಡು ಬಾಯಿ ತೆರೆಯೋದರೊಳಗೆ, ಬೈಕ್ ಹತ್ರ ನಿಂತಿದ್ದ ನನ್ನ ಗಂಡ, ಆ ಮಾತೇ ಆಡದ ಮನುಷ್ಯ, ಓಡಿ ಬಂದು ನಮ್ಮಿಬ್ಬರ ಮಧ್ಯೆ ನಿಂತು ಕೈ ಮುಗಿದ್ರು.

"ಏನೂ ಓದಿಲ್ಲ ಸಾರ್. ಹೆಬ್ಬೆಟ್ಟು!"